ಗಿಣಿ, ಆನೆ ಮತ್ತು ದೊಡ್ಡಮ್ಮನ ಡಬ್ಬಿ

ಅತ್ತೆ ಮಗ ಚೇತು ಮೈಸೂರಿಂದ ಗೋಕರ್ಣಕ್ಕೆ ಒಬ್ಬನೇ ಸೈಕಲ್ಲಲ್ಲಿ ಹೊರಟ. ಸಂಕ್ರಾಂತಿ ಆಗಿ ಒಂದು ವಾರ. ಆವತ್ತು ನಮ್ಮ ಮನೆ ಗುಂಪಲ್ಲಿ ನಡೆದಿದ್ದನ್ನ ಹಾಗೇ ಇಳಿಸಿದ್ದೀನಿ, ಶುಭೋದಯದ ಗುಲಾಬಿಗಳನ್ನ ಮಾತ್ರ ಕಿತ್ತಿದ್ದೀನಿ.

ಮಂಡ್ಯ ದೊಡ್ಡಪ್ಪ, 6.40: (ಹಲವು ಬಾರಿ ಫಾರ್ವರ್ಡ್ ಆಗಿದೆ) ಸೈಕಲ್ ಸವಾರರೇ ಎಚ್ಚರ!! ದೂರ ತುಳಿಯುವಾಗ ದಾರಿಯಲ್ಲಿ ಏನೂ ತಿನ್ನಬಾರದು. ತಿಂದರೆ ರಕ್ತವೆಲ್ಲ ಹೊಟ್ಟೆಗೆ ಇಳಿದು ಕಾಲು ಸೋಲುತ್ತದೆ. ಗಂಟೆಗೆ 2 ಲೀಟರ್ ನೀರು ಕುಡಿದರೆ ಸಾಕು. – ಖ್ಯಾತ ವೈದ್ಯರು. 10 ಜನರಿಗೆ ಕಳಿಸಿ.

ಮಂಡ್ಯ ದೊಡ್ಡಪ್ಪ: ಚೇತು, ನೋಡ್ಲಾ ಇದ.

ಕುವೆಂಪುನಗರ ಅತ್ತೆ: ಅಯ್ಯೋ ಅಣ್ಣ, ಐದಕ್ಕೇ ಹೊರಟುಬಿಟ್ಟ. ಆರು ಇಡ್ಲಿ ತಿನ್ನಿಸಿ ಕಳಿಸಿದೀನಿ. ಏನಾಗುತ್ತೋ?

ಅಕ್ಕ: ಅಪ್ಪ, ಯಾವ ವೈದ್ಯರು? ಹೆಸರೇ ಇಲ್ವಲ್ಲ.

ಮಂಡ್ಯ ದೊಡ್ಡಪ್ಪ: ಖ್ಯಾತ ಅಂತ ಹಾಕವ್ರಲ್ಲವ್ವ.

(ಅಕ್ಕ ದೊಡ್ಡಪ್ಪನ ಮಗಳೇ. ಪಿಯುಸಿ ಮಕ್ಕಳಿಗೆ ಬಯಾಲಜಿ ಹೇಳ್ತಾಳೆ. ಕೆಳಗಿನದನ್ನ ಪೂರ್ತಿ ಓದಿದ್ದು ನಾನೊಬ್ಬನೇ ಅಂತ ಕಾಣುತ್ತೆ.)

ಅಕ್ಕ: ಲಿವರ್, ಸ್ನಾಯು ಎರಡರಲ್ಲೂ ಸೇರಿಸಿ ನಮ್ಮ ಮೈ ಕೂಡಿಟ್ಟಿರೋ ಸಕ್ಕರೆ ಅರ್ಧ ಕೆಜಿ ಒಳಗೆ. ಜೋರಾಗಿ ತುಳಿದ್ರೆ ಒಂದೂವರೆ-ಎರಡು ಗಂಟೇಲಿ ತಳ ಕಾಣುತ್ತೆ. ಅದಕ್ಕೇ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಒಳಗೆ ಹೋಗ್ತಾ ಇರಬೇಕು. ಒಂದು ಬಾಳೆಹಣ್ಣಲ್ಲಿ ಸುಮಾರು 25 ಗ್ರಾಂ. ಹೊಟ್ಟೆ ಬಿರಿಯ ತಿಂದು ತುಳಿದ್ರೆ ಭಾರ ಆಗೋದು ನಿಜ, ಹಾಗಂತ ಉಪವಾಸ ಅಲ್ಲ. ಸ್ವಲ್ಪ ಸ್ವಲ್ಪ, ಆಗಾಗ. ನೀರಿಂದಂತೂ ಇನ್ನೂ ಅಪಾಯ. ಕಿಡ್ನಿ ಗಂಟೆಗೆ ಹೊರಗೆ ಹಾಕೋದೇ ಹತ್ತಿರಹತ್ತಿರ ಒಂದು ಲೀಟರ್. ಬರೀ ನೀರು 2 ಲೀಟರ್ ಹಂಗೇ ಕುಡೀತಾ ಹೋದ್ರೆ ರಕ್ತದಲ್ಲಿ ಸೋಡಿಯಂ ಇಳಿದು ಪ್ರಜ್ಞೆ ತಪ್ಪಬಹುದು. ಬಾಯಾರಿದಷ್ಟು ಕುಡೀಲಿ, ಜೊತೆಗೆ ಓಆರ್‌ಎಸ್ಸೋ ಉಪ್ಪು ಹಾಕಿದ ಮಜ್ಜಿಗೆನೋ ಇರಲಿ.

ಮಂಡ್ಯ ದೊಡ್ಡಪ್ಪ: ನಾನೇನ್ ಬರದ್ನಾ? ಬಂದುದ್ದ ಕಳಿಸ್ದೆ. ಓದ್ಸಿದ್ದು ನಾನು, ಈಗ ನಂಗೇ ಪಾಠ. ನಿಮ್ ತಾತ ಒಂದ್ ಮುದ್ದೆ ಉಂಡು ಸಂತೆಗೆ ನಡ್ಕೊಂಡೋಗಿ ಬರೋರು. ಯಾವ ಗ್ರಾಂ ಲೆಕ್ಕ ಇತ್ತು?

ಪಾಂಡವಪುರ ಸೀನಣ್ಣ: ದೊಡ್ಡಪ್ಪ, ಮುದ್ದೆ ಅಂದ್ರಲ್ಲ, ಆಲೆಮನೆ ಗ್ಯಾಪ್ನ ಬಂತು. ಬಿಸಿ ಬೆಲ್ಲವ ಕಬ್ಬಿನ ಸಿಪ್ಪೇಲಿ ತಕ್ಕೊಂಡು ನೆಕ್ಕೋದು! ನಿಮ್ ಸೈಕಲ್ಲಲ್ಲೇ ಮೂರ್ ಜನ ಕನ್ನಂಬಾಡಿಗೆ ಓಗಿದ್ವಲ್ಲ. ಆ ಸೈಕಲ್ ಈಗ ಎಲ್ಲೈತೆ?

ಮಂಡ್ಯ ದೊಡ್ಡಪ್ಪ: ನಿಮ್ಮಪ್ಪನ್ನ ಕೇಳು. ಎರಡ್ ದಿನಕ್ಕೆ ಅಂತ ತಕ್ಕೊಂಡೋದ.

(ಇಲ್ಲಿ ಇಪ್ಪತ್ತು ನಿಮಿಷ ಯಾರೂ ಮಾತಾಡಲಿಲ್ಲ. ಸೀನಣ್ಣ ಒಂದು ಮೆಸೇಜ್ ಹಾಕಿ ಅಳಿಸಿದ.)

ಚೇತು, 9.50: ಪಿರಿಯಾಪಟ್ಟಣ ದಾಟಿದೆ. ಮಾವ ಕಳಿಸಿದ್ದು ನೋಡಿ ಹುಣಸೂರಲ್ಲಿ ದೋಸೆ ಬಿಟ್ಟೆ. ಆಮೇಲೆ ಕೈಕಾಲು ನಡುಕ. ಸುಮ್‌ಸುಮ್ನೆ ಎಲ್ಲರ ಮೇಲೂ ಸಿಟ್ಟು. ಏರಲ್ಲಿ ಗೇರ್ ಇಳಿಸೋದೂ ಮರೆತು ತುಳೀತಿದ್ದೆ. ಅಮ್ಮ ಕೊಟ್ಟ ಎಳ್ಳು-ಬೆಲ್ಲದ ಡಬ್ಬೀಲಿ ಸಕ್ಕರೆ ಅಚ್ಚು ಇತ್ತು. ಒಂದು ಗಿಣಿ, ಒಂದು ಆನೆ ಕಡಿದು ತಿಂದೆ. ಹತ್ತು ನಿಮಿಷಕ್ಕೆ ಮನುಷ್ಯ ಆದೆ. (ಫೋಟೋ: ಮೈಲಿಗಲ್ಲಿನ ಮೇಲೆ ತೆರೆದ ಸ್ಟೀಲ್ ಡಬ್ಬಿ, ಪಕ್ಕದಲ್ಲಿ ತಲೆಯಿಲ್ಲದ ಸಕ್ಕರೆ ನವಿಲು)

ಅಕ್ಕ: ನೋಡಿದ್ಯಾ ಅಪ್ಪ?? ಚೇತು, ಅಚ್ಚು ಏರಿಗೆ ಇಟ್ಕೊ. ಎಳ್ಳು, ಕಡ್ಲೆಕಾಯಿ, ಕೊಬ್ಬರಿ ಅರಗೋದು ನಿಧಾನ, ಅವು ಸಂಜೆಗಿರಲಿ.

ದೊಡ್ಡಮ್ಮ: ಚೇತು, ಆ ಡಬ್ಬಿ ತಳ ತಿರುಗಿಸಿ ಒಂದ್ ಫೋಟೋ ಹಾಕಪ್ಪ.

(ದೊಡ್ಡಮ್ಮ ಗುಂಪಲ್ಲಿ ಬರೆಯೋದು ಸಾವು, ಮದುವೆ ಎರಡಕ್ಕೇ. ಚೇತು ಹಾಕಿದ. ತಳದಲ್ಲಿ ಚುಕ್ಕಿ ಚುಕ್ಕಿಯಾಗಿ ಕೆತ್ತಿದ ಅವರ ತವರಿನ ಇನಿಷಿಯಲ್ಲು.)

ದೊಡ್ಡಮ್ಮ: ನಮ್ಮಮ್ಮ ಕೊಟ್ಟಿದ್ದು.

ಕುವೆಂಪುನಗರ ಅತ್ತೆ: ಅತ್ತಿಗೆ, ಮದುವೆ ಮನೇಲಿ ಲಾಡು ಹಾಕಿ ನೀವೇ ಅಲ್ವಾ ಕೊಟ್ಟಿದ್ದು?

ದೊಡ್ಡಮ್ಮ: ಲಾಡು ಕೊಟ್ಟೆ. ಡಬ್ಬಿ ಕೊಟ್ಟಿರ್ಲಿಲ್ಲ.

ಕುವೆಂಪುನಗರ ಅತ್ತೆ: ಖಾಲಿ ಡಬ್ಬಿ ಹೆಂಗ್ ವಾಪಸ್ ಕೊಡೋದು, ಏನಾದ್ರೂ ಹಾಕಿ ಕೊಡೋಣ ಅಂತ ಇಟ್ಟಿದ್ದೆ.

ದೊಡ್ಡಮ್ಮ: ಏನ್ ಹಾಕೋದು ಅಂತ ಹದಿನಾಲ್ಕು ವರ್ಷ ಯೋಚನೆ ಮಾಡಿದ್ಯಾ?

ಅಕ್ಕ: ಅಮ್ಮ, ನನ್ನ ಮದುವೆ ಆಗಿ 11 ವರ್ಷ. ಲೆಕ್ಕ ಸರಿಯಾಗಿ ಹೇಳು.

ಮಂಡ್ಯ ದೊಡ್ಡಪ್ಪ: ಮನೆ ವಿಷಯ ಗುಂಪಲ್ಲಿ ಆಡಬಾರದು. ಹಿರೀಕರು ಹೇಳವ್ರೆ, ಮಾತು ಆಡಿದ್ರೆ ಹೋಯ್ತು...

ಪಾಂಡವಪುರ ಸೀನಣ್ಣ: ಸೈಕಲ್ ವಿಷಯ ಆಡ್ಬೋದಾ ದೊಡ್ಡಪ್ಪ?

ಚೇತು, 11.35: ಕುಶಾಲನಗರ. ಎಳ್ಳು-ಬೆಲ್ಲ ಕವರಿಗೆ ಸುರಿದು ಡಬ್ಬೀಲಿ ಮೊಸರನ್ನ ಹಾಕಿಸಿಕೊಂಡಿದ್ದೀನಿ. ಮಡಿಕೇರಿ ಹತ್ತೋಕೆ ಮುಂಚೆ ತಿನ್ಲಾ, ಹತ್ತಿದ ಮೇಲಾ? ಯಾರಾದ್ರೂ ಹೇಳಿ.

ಚೇತು, 11.50: ??

ದೊಡ್ಡಮ್ಮ, 11.52: ಅರ್ಧ ಈಗ ತಿನ್ನು, ಅರ್ಧ ಮೇಲೆ ಹೋಗಿ ತಿನ್ನು. ಉಪ್ಪಿನಕಾಯಿ ಡಬ್ಬಿಗೆ ಹಾಕಬೇಡ, ಕಲೆ ಆಗುತ್ತೆ. ಮುಚ್ಚಳ ಜೋಪಾನ.