ಪದಚರ್ಚೆ: ಹಾಡು ಅದೇ, ಹಾಡುವ ಬಗೆ ಬೇರೆ. ಇದಕ್ಕೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ನಮ್ಮ ಮಂಡ್ಯದ ಕಡೆ ಹುಡುಗ ಹುಡುಗಿಯರು ಮನೆಯಲ್ಲೇ ಹಾಡು ರೆಕಾರ್ಡ್ ಮಾಡಿ ಹಾಕುವುದು ಜಾಸ್ತಿಯಾಗಿದೆ. ಸುಮ್ನೆ ಹಾಡುವುದಲ್ಲ. ಕುಣಿಸುವ ಸಿನಿಮಾ ಹಾಡನ್ನು ನಿಧಾನ ಮಾಡಿ ಜೋಗುಳವಾಗಿಸುತ್ತಾರೆ. ಪ್ರೇಮಗೀತೆಗೆ ಕಂಸಾಳೆ ಹಾಕುತ್ತಾರೆ. ಇಂಗ್ಲಿಷ್ ಪಾಪ್ ಹಾಡನ್ನು ಸೋಬಾನೆಯವರ ಹಾಗೆ ಒಬ್ಬರು ಎತ್ತಿಕೊಟ್ಟು ಉಳಿದವರು ಸೊಲ್ಲು ಹಿಡಿಯುತ್ತಾರೆ. ಫೋನಿನ ಮೈಕು, ದನಿ ಮಾರ್ದನಿಸದ ಹಾಗೆ ಗೋಡೆಗೊಂದು ಕಂಬಳಿ, ಕಿವಿಗೆ ಇಯರ್‌ಫೋನು. ಅಷ್ಟರಲ್ಲೇ ಎಷ್ಟು ಸೊಗಸಾಗಿ ಮಾಡುತ್ತಾರೆ!

ಇದನ್ನೆಲ್ಲ 'ಕವರ್' ಅಂತಾರೆ. ಆ ಪದ ಬಿಡಿ ಎನ್ನುತ್ತಿಲ್ಲ. ಆದರೆ ಇದ್ದ ಹಾಗೇ ಹಾಡಿದರೂ ಕವರ್, ಹಾಡುವ ಬಗೆಯನ್ನೇ ಬದಲಿಸಿದರೂ ಕವರ್. ನನಗೆ ಬೇಕಾಗಿರುವುದು ಎರಡನೆಯದಕ್ಕೊಂದು ಪದ. ನಮ್ಮ ಹಕ್ಕುಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿದ 31ಸಿ ಕಲಮಿನಲ್ಲೂ ಕವರ್ ಅಂದರೆ ಮೊದಲನೆಯದೇ. ಹಕ್ಕುಳ್ಳವರ ಒಪ್ಪಿಗೆಯಿಂದ ಮೊದಲೇ ಆದ ಬದಲಾವಣೆ, ರೆಕಾರ್ಡಿಂಗ್‌ಗೆ ತಾಂತ್ರಿಕವಾಗಿ ಬೇಕಾದ ಬದಲಾವಣೆ ಬಿಟ್ಟರೆ ಸಾಹಿತ್ಯವನ್ನೂ ಸಂಗೀತವನ್ನೂ ಮುಟ್ಟುವಂತಿಲ್ಲ ಎನ್ನುತ್ತದೆ ಅದು.

ಮಟ್ಟು, ಅಂದರೆ ಟ್ಯೂನ್, ಉಳಿದು ಮಾತು ಬದಲಾದರೆ ನಮ್ಮಲ್ಲಿ ಪದವಿದೆ. ಹಳೆಯ ನಾಟಕದ ಹಾಡುಗಳ ತಲೆಯ ಮೇಲೆ ಇಂಥ ಹಾಡಿನ ಧಾಟಿ, ಇಂಥದರ ಮಟ್ಟು ಎಂದು ಅಚ್ಚು ಹಾಕುತ್ತಿದ್ದರು. ಮುತ್ತುಸ್ವಾಮಿ ದೀಕ್ಷಿತರು (1775–1835) ಇಂಗ್ಲಿಷರ ಬ್ಯಾಂಡಿನ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯ ಕೂರಿಸಿದರು. ಬ್ರಿಟಿಷರ ರಾಷ್ಟ್ರಗೀತೆಯ ಮಟ್ಟನ್ನೂ ಬಿಡಲಿಲ್ಲ. ಅವಕ್ಕೆ ನೊಟ್ಟುಸ್ವರ ಎಂಬ ಹೆಸರೇ ನಿಂತಿತು. ಮಾತು ಉಳಿದು ಮಟ್ಟು ಬೇರೆಯಾದರೆ ಅದು ರಾಗ ಸಂಯೋಜನೆ. ಕುವೆಂಪು ಅವರ ನಾಡಗೀತೆಗೆ ಯಾರ ಸಂಯೋಜನೆ ಎಂದು ಎಷ್ಟು ವರ್ಷ ಜಗ್ಗಾಟ ನಡೆಯಿತು ನೋಡಿ. 2022ರಲ್ಲಿ ಸರ್ಕಾರ ಮೈಸೂರು ಅನಂತಸ್ವಾಮಿ ಅವರದನ್ನು ಗೊತ್ತು ಮಾಡಿತು.

ಮಾತೂ ಅದೇ, ಮಟ್ಟೂ ಅದೇ, ಬಗೆ ಮಾತ್ರ ಬೇರೆ ಅಂದರೆ?

ಜನ 'ಸೋಬಾನೆ ಧಾಟೀಲಿ ಹಾಡವ್ರೆ' ಅಂತಾರೆ. ಬಾಯಲ್ಲಿ ಸರಿ. ಬರೆಯುವಾಗ ತೊಡಕು. ಧಾಟಿ ಎಂದರೆ ಒಬ್ಬರಿಗೆ ಮಟ್ಟು, ಇನ್ನೊಬ್ಬರಿಗೆ ರೀತಿ. 'ತಮಟೆ ಗತ್ತು' ಎಂಬಲ್ಲಿನ ಗತ್ತು ಚೆನ್ನಾಗಿದೆ, ಆದರೆ ಅದು ಬಡಿತಕ್ಕೆ ಅಂಟಿಕೊಂಡಿದೆ. ಜೋಗುಳಕ್ಕೆ ಒಗ್ಗುವುದಿಲ್ಲ. 'ಮರುಹಾಡು' ಅಂದರೆ ಮತ್ತೆ ಹಾಡಿದ್ದು, ಅಷ್ಟೇ.

ನನ್ನ ಒಲವು 'ವರಸೆ'ಯ ಕಡೆ. ಸಂಗೀತ ಕಲಿಯುವ ಮಕ್ಕಳು ಸರಳೆ ವರಸೆ, ಜಂಟಿ ವರಸೆಯಿಂದಲೇ ಶುರು ಮಾಡುತ್ತಾರೆ. ಮೈಸೂರಿನ ಗರಡಿಯವರಿಗೂ ಇದು ಹೊಸದಲ್ಲ, ಕತ್ತಿವರಸೆ, ದೊಣ್ಣೆವರಸೆ ಎಲ್ಲರಿಗೂ ಗೊತ್ತು. 'ಮಾತಿನ ವರಸೆ ಬದಲಾಯಿಸಿದ' ಎಂದು ದಿನಾ ಅನ್ನುತ್ತೇವೆ. ಆಳು ಅವನೇ, ರೀತಿ ಬೇರೆ. ನಮ್ಮ ಹಾಡಿಗೆ ಬೇಕಾದ ಅರ್ಥವೂ ಇದೇ ಅಲ್ವಾ? ಕಂಸಾಳೆ ವರಸೆ, ಜೋಗುಳ ವರಸೆ, ವರಸೆ ಬದಲಿಸಿದ ಹಾಡು. 'ವರಸೆಯಲ್ಲಿ ಅತ್ತೆ ಆಗಬೇಕು' ಎಂಬ ನಂಟಿನ ಅರ್ಥ ಇದಕ್ಕೆ ಅಡ್ಡ ಬರುವುದಿಲ್ಲ ಅನಿಸುತ್ತದೆ.

ಗಡಿ ಎಲ್ಲಿ ಎಂಬುದೇ ನನ್ನನ್ನು ಕಾಡುವ ಪ್ರಶ್ನೆ. ತಾಳದಲ್ಲಿ ನಾಲ್ಕರ ನಡೆಯ ಹಾಡನ್ನು ಮೂರರ ನಡೆಗೆ ತಂದರೆ ಸಾಲುಗಳು ಹಿಗ್ಗುತ್ತವೆ, ಕುಗ್ಗುತ್ತವೆ. ಆದರೂ ಮಟ್ಟು ಗುರುತು ಸಿಗುತ್ತದೆ. ಅದು ವರಸೆಯೇ. ಆದರೆ ಶಂಕರಾಭರಣ ರಾಗದ ಹಾಡನ್ನು ನಠಭೈರವಿ ರಾಗಕ್ಕೆ ಇಳಿಸುವುದೂ ಈ ಮಕ್ಕಳಿಗೆ ಬಲು ಇಷ್ಟ. ಗ, ದ, ನಿ ಮೂರೂ ಸ್ವರಗಳು ಒಂದೊಂದು ಮೆಟ್ಟಿಲು ಕೆಳಗಿಳಿಯುತ್ತವೆ. ನಗುವ ಹಾಡು ಅಳತೊಡಗುತ್ತದೆ. ಸ್ವರವೇ ಬದಲಾದ ಮೇಲೆ ಮಟ್ಟು ಅದೇ ಅನ್ನಬಹುದೇ? ಹಾಡಿನ ಏರಿಳಿತ ಹಾಗೇ ಇರುವುದರಿಂದ ನಾನು ಇದನ್ನೂ ವರಸೆ ಎಂದೇ ಕರೆಯುತ್ತೇನೆ. ಸಂಗೀತ ಬಲ್ಲವರು ಒಪ್ಪುತ್ತೀರಾ?

ಕರಾವಳಿಯವರಿಗೆ ಇನ್ನೊಂದು ಪ್ರಶ್ನೆ. ನಿಮ್ಮ ಯಕ್ಷಗಾನದಲ್ಲಿ ತೆಂಕುತಿಟ್ಟು, ಬಡಗುತಿಟ್ಟು ಇವೆಯಲ್ಲ. ನಮ್ಮ ಕಡೆ ತಿಟ್ಟು ಎಂದರೆ ದಿಬ್ಬ. ಯಕ್ಷಗಾನದವರು ಇಡೀ ಆಟದ ಪದ್ಧತಿಗೆ ಮಾತ್ರ ತಿಟ್ಟು ಅನ್ನುತ್ತಾರೋ, ಒಂದೇ ಪದ್ಯ ಹಾಡುವ ಬಗೆಗೂ ಆ ಮಾತು ಸಲ್ಲುತ್ತದೋ? ಭಾಗವತರ ಒಡನಾಟ ಇರುವವರು ದಯವಿಟ್ಟು ತಿಳಿಸಿ.