ಶೋಪಾನ್ ಅವರ ಫ್ಯಾಂಟಸಿ ಇಂಪ್ರಾಂಪ್ಟು: ಎರಡು ಕೈಗಳ ಲಯ ಕೂಡುತ್ತಿಲ್ಲ, ತಿದ್ದುಪಡಿ ಬೇಕು

ಪ್ರಶ್ನೆ: ಟಿಳಕವಾಡಿಯ ವಿದ್ಯಾರ್ಥಿನಿ, ಬೆಳಗಾವಿ

ಸಂಗೀತ ಬಲ್ಲ ಹಿರಿಯರೆಲ್ಲರಿಗೂ ನಮಸ್ಕಾರಗಳು. ನಾನು ಪಿಯುಸಿ ಎರಡನೆಯ ವರ್ಷದ ವಿದ್ಯಾರ್ಥಿನಿ. ಪಾಶ್ಚಾತ್ಯ ಸಂಗೀತ ರಚನಕಾರ ಶೋಪಾನ್ 1834ರಲ್ಲಿ ರಚಿಸಿದ, ಸಿ ಶಾರ್ಪ್ ಮೈನರ್ ಎಂಬ ಸ್ವರಶ್ರೇಣಿಯಲ್ಲಿರುವ ಫ್ಯಾಂಟಸಿ ಇಂಪ್ರಾಂಪ್ಟು ಎಂಬ ಪಿಯಾನೋ ಕೃತಿಯನ್ನು ಕೆಲವು ತಿಂಗಳುಗಳಿಂದ ಅಭ್ಯಾಸ ಮಾಡುತ್ತಿದ್ದು, ಮೊದಲಿನಿಂದ ಕೊನೆಯವರೆಗೆ ನುಡಿಸಿದ ಧ್ವನಿಮುದ್ರಣವನ್ನು ಇದರೊಂದಿಗೆ ಹಾಕಿದ್ದೇನೆ. ಹೊಗಳಿಕೆಗಿಂತ ತಿದ್ದುಪಡಿಯೇ ನನಗೆ ಬೇಕಾಗಿರುವುದರಿಂದ, ಕಿವಿಗೆ ಬಿದ್ದದ್ದನ್ನು ದಯವಿಟ್ಟು ನೇರವಾಗಿ ಬರೆಯಬೇಕೆಂದು ಕೋರುತ್ತೇನೆ.

ಈ ಕೃತಿಯ ಮೊದಲ ಮತ್ತು ಕೊನೆಯ ಭಾಗಗಳಲ್ಲಿ ಪ್ರತಿ ಮಾತ್ರೆಗೆ ಬಲಗೈ ನಾಲ್ಕು ಸ್ವರಗಳನ್ನೂ ಎಡಗೈ ಮೂರು ಸ್ವರಗಳನ್ನೂ ನುಡಿಸಬೇಕು. ನಿಧಾನವಾಗಿ ಎಣಿಸಿಕೊಂಡು ನುಡಿಸಿದಾಗ ಲೆಕ್ಕ ಸರಿಬರುತ್ತದೆ. ವೇಗ ಹೆಚ್ಚಿಸಿದೊಡನೆ ಎಡಗೈಯ ಮೂರು ಸ್ವರಗಳು ಸಮನಾಗಿ ಉಳಿಯದೆ ಬಲಗೈಯ ಹಿಂದೆ ಕುಂಟುತ್ತವೆ. ಎರಡನೆಯ ತೊಂದರೆ ನಡುವಿನ ನಿಧಾನ ಭಾಗದ್ದು. ಅಲ್ಲಿ ಒಂದೇ ಹಾಡು ಮತ್ತೆ ಮತ್ತೆ ಬರುವುದರಿಂದ ನನ್ನ ಕೈಯಲ್ಲಿ ಅದು ಸಪ್ಪೆಯಾಗುತ್ತಿದೆ. ಮನೆಯಲ್ಲಿರುವುದು 88 ಕೀಗಳ ಡಿಜಿಟಲ್ ಪಿಯಾನೋ. ಪಾಠದ ದಿನ ಮಾತ್ರ ಮರದ ಪಿಯಾನೋ ಸಿಗುತ್ತದೆ. ತಂದೆಯವರು ಭಜನೆಗೆ ಹಾರ್ಮೋನಿಯಂ ನುಡಿಸುವವರಾದ್ದರಿಂದ ಸರಿಗಮದ ಭಾಷೆಯಲ್ಲಿ ಹೇಳಿದರೂ ನನಗೆ ತಿಳಿಯುತ್ತದೆ. ವೇಗವನ್ನು ಇನ್ನೂ ಹೆಚ್ಚಿಸಬೇಕೋ, ಇಲ್ಲಿಯೇ ನಿಂತು ತಿದ್ದಿಕೊಳ್ಳಬೇಕೋ ಎಂಬುದು ನನ್ನ ಮುಖ್ಯ ಪ್ರಶ್ನೆ.

ಉತ್ತರ: ಪಿಯಾನೋ ಶಿಕ್ಷಕಿ, ಕ್ಯಾಂಪ್, ಬೆಳಗಾವಿ

ತಂಗಿ, ನಿನ್ನ ಮುದ್ರಣವನ್ನು ಪೂರ್ತಿ ಕೇಳಿದೆ. ಮೊದಲ ಭಾಗವನ್ನು ಮತ್ತೊಮ್ಮೆ ಕೇಳಿದೆ. ಬೆರಳುಗಳು ಚುರುಕಾಗಿವೆ, ಸ್ವರ ತಪ್ಪುವುದು ಬಹಳ ಕಡಿಮೆ. ಆದರೆ ನೀನು ಬಲಗೈಯನ್ನಷ್ಟೇ ಕೇಳಿಕೊಂಡು ನುಡಿಸುತ್ತಿರುವೆ, ಎಡಗೈ ಏನು ಹೇಳುತ್ತಿದೆ ಎಂಬ ಕಡೆಗೆ ನಿನ್ನ ಕಿವಿ ಹೋಗುತ್ತಿಲ್ಲ. ಲಯದ ತೊಂದರೆಯ ಬೇರು ಅಲ್ಲಿಯೇ ಇದೆ. ಎಡಗೈ ವಾದ್ಯವೃಂದದ ನಿರ್ದೇಶಕನಂತೆ ಲಯವನ್ನು ಕಾಯಬೇಕು ಎಂದು ಶೋಪಾನ್ ಪಾಠ ಹೇಳುತ್ತಿದ್ದುದನ್ನು ಅವರ ಶಿಷ್ಯರು ಬರೆದಿಟ್ಟಿದ್ದಾರೆ, ಮತ್ತು ಆ ಮಾತು ಈ ಕೃತಿಗೆ ಅನ್ವಯಿಸುವಷ್ಟು ಬೇರೆಲ್ಲೂ ಅನ್ವಯಿಸದು ಎಂದು ನನಗೆ ಅನ್ನಿಸುತ್ತದೆ.

ಲೆಕ್ಕವನ್ನು ಮೊದಲು ನೋಡೋಣ. ಒಂದು ಮಾತ್ರೆಯನ್ನು ಹನ್ನೆರಡು ಪಾಲು ಮಾಡಿದರೆ ಬಲಗೈ 1, 4, 7, 10ನೆಯ ಪಾಲುಗಳಲ್ಲಿಯೂ ಎಡಗೈ 1, 5, 9ನೆಯ ಪಾಲುಗಳಲ್ಲಿಯೂ ಬೀಳುತ್ತದೆ. ಕೂಡಿಸಿ ಓದಿದರೆ ‘ಎರಡೂ, ಬಲ, ಎಡ, ಬಲ, ಎಡ, ಬಲ’ ಎಂದಾಗುತ್ತದೆ. ನೀನು ನಿಧಾನವಾಗಿ ನುಡಿಸುವಾಗ ಮಾಡುತ್ತಿರುವುದು ಇದನ್ನೇ, ಮತ್ತು ಅದು ಸರಿಯಾಗಿಯೇ ಇದೆ. ಆದರೆ ಸ್ವರಲಿಪಿಯ ಹಲವು ಅಚ್ಚುಪ್ರತಿಗಳಲ್ಲಿ ಕೊಟ್ಟಿರುವ ವೇಗ, ಎರಡು ಮಾತ್ರೆ ಉದ್ದದ ಸ್ವರಕ್ಕೆ (ಹಾಫ್ ನೋಟ್) ನಿಮಿಷಕ್ಕೆ 84, ಅಂದರೆ ನಿಮಿಷಕ್ಕೆ 168 ಮಾತ್ರೆಗಳು. ಆಗ ಬಲಗೈ ಸೆಕೆಂಡಿಗೆ ಸುಮಾರು 11 ಸ್ವರಗಳನ್ನೂ ಎಡಗೈ 8ಕ್ಕೂ ಮಿಕ್ಕಿ ಸ್ವರಗಳನ್ನೂ ನುಡಿಸುತ್ತವೆ, ನಾಲ್ಕನೆಯ ಪಾಲಿಗೂ ಐದನೆಯ ಪಾಲಿಗೂ ನಡುವೆ ಸೆಕೆಂಡಿನ ಮೂವತ್ತನೆಯ ಒಂದು ಭಾಗದಷ್ಟೂ ಅಂತರವಿರುವುದಿಲ್ಲ. ಅಷ್ಟು ಸಣ್ಣ ಅಂತರವನ್ನು ಎಣಿಸಿ ನುಡಿಸುವುದು ಯಾರಿಗೂ ಸಾಧ್ಯವಿಲ್ಲ. ಆದ್ದರಿಂದ ಒಂದು ವೇಗ ದಾಟಿದ ಮೇಲೆ ಎಣಿಕೆಯನ್ನು ಬಿಟ್ಟು, ಎರಡೂ ಕೈಗಳು ತಮ್ಮ ಪಾಡಿಗೆ ಸಮನಾಗಿ ಸಾಗಿ ಮಾತ್ರೆಯ ತಲೆಯಲ್ಲಿ ಮಾತ್ರ ಕೂಡುವಂತೆ ನೋಡಿಕೊಳ್ಳಬೇಕು.

ಅದಕ್ಕೆ ನಾನು ಮಕ್ಕಳಿಗೆ ಹೇಳಿಕೊಡುವ ದಾರಿ ಹೀಗಿದೆ. ಎಡಗೈಯೊಂದನ್ನೇ, ಬೇಕಾದ ವೇಗದಲ್ಲಿ, ಮೆಲ್ಲಗಿನ ಧ್ವನಿಯಲ್ಲಿ, ನೋಡದೆ ನುಡಿಸುವಷ್ಟು ಸಾಧಿಸು. ಅನಂತರ ಒಂದು ಬಾರ್ (ನಾಲ್ಕು ಮಾತ್ರೆಗಳ ಅಳತೆ) ಎಡಗೈ, ಮುಂದಿನ ಬಾರ್ ಬಲಗೈ, ಹೀಗೆ ಮಾತ್ರೆ ನಿಲ್ಲದಂತೆ ಬದಲಿಸುತ್ತ ಹೋಗು. ಮೂರರ ನಡೆಯಿಂದ ನಾಲ್ಕರ ನಡೆಗೆ ದಾಟುವಾಗ ಮಾತ್ರೆಯ ಅಳತೆ ಅಲುಗಬಾರದು. ಅದು ಕೈಗೂಡಿದ ಮೇಲೆ ಎರಡೂ ಕೈಗಳನ್ನು ಒಂದೇ ಮಾತ್ರೆಯಷ್ಟು ಕೂಡಿಸಿ, ಮುಂದಿನ ಮಾತ್ರೆಯ ಮೊದಲ ಸ್ವರದ ಮೇಲೆ ಇಳಿದು ನಿಲ್ಲು. ಆಮೇಲೆ ಎರಡು ಮಾತ್ರೆ, ಆಮೇಲೆ ನಾಲ್ಕು. ಹೀಗೆ ತುಣುಕು ಚಿಕ್ಕದಾಗಿದ್ದು ವೇಗ ನಿಜವಾದದ್ದಾಗಿದ್ದರೆ, ನಿಧಾನಗತಿಯ ಎಣಿಕೆಯನ್ನು ಹಂತಹಂತವಾಗಿ ಏರಿಸುವುದಕ್ಕಿಂತ ಬೇಗ ಫಲ ಸಿಗುತ್ತದೆ.

ಇನ್ನು ಎರಡು ಸಂಗತಿಗಳು. ಐದನೆಯ ಬಾರ್‌ನಲ್ಲಿ ಬಲಗೈ ಪ್ರವೇಶಿಸುವಾಗ ಮೊದಲು ಬರುವುದು ಸ್ವರವಲ್ಲ, ವಿರಾಮ. ನಿನ್ನ ಮುದ್ರಣದಲ್ಲಿ ಆ ವಿರಾಮ ತುಸು ಮೊಟಕಾಗಿ, ಬಲಗೈ ಅಲ್ಲಿಂದಲೇ ಮುಂದೋಡುತ್ತದೆ, ಎಡಗೈ ಅದನ್ನು ಹಿಡಿಯಲು ಹೋಗಿ ಕುಂಟುತ್ತದೆ. ಎಡಗೈಯ ಮೊದಲ ಸುತ್ತು ಸಿ ಶಾರ್ಪ್, ಜಿ ಶಾರ್ಪ್, ಸಿ ಶಾರ್ಪ್, ಇ, ಸಿ ಶಾರ್ಪ್, ಜಿ ಶಾರ್ಪ್. ನಿನ್ನ ತಂದೆಯವರ ಭಾಷೆಯಲ್ಲಿ ‘ಸ ಪ ಸ ಗ ಸ ಪ’, ಗಾಂಧಾರ ಕೋಮಲ. ಕೆಳಗಿನ ಷಡ್ಜದಿಂದ ಮೇಲಿನ ಗಾಂಧಾರಕ್ಕೆ ಒಂದು ಸಪ್ತಕಕ್ಕೂ ಮಿಕ್ಕಿದ ದೂರವಿದೆ. ಅಷ್ಟು ದೂರವನ್ನು ಕೈ ಹಿಗ್ಗಿಸಿ ಹಿಡಿಯಲು ಹೋದರೆ ಮುಂಗೈ ಬಿಗಿಯುತ್ತದೆ. ಮಣಿಕಟ್ಟು ಬೆರಳಿನ ಜೊತೆ ಪ್ರಯಾಣ ಮಾಡಲಿ. ನಿನ್ನ ಮುಂಗೈ ನೋಯುತ್ತಿದ್ದರೆ ಅಂದಿನ ಅಭ್ಯಾಸವನ್ನು ಅಲ್ಲಿಗೇ ನಿಲ್ಲಿಸು, ಇದರಲ್ಲಿ ಹಟ ಬೇಡ. ವೇಗವನ್ನು ಸದ್ಯಕ್ಕೆ ಹೆಚ್ಚಿಸಬೇಡ.

ಉತ್ತರ: ತಬಲಾ ವಾದಕ, ವಿಜಯಪುರ

ಪಿಯಾನೋ ನನ್ನ ವಾದ್ಯವಲ್ಲವಾದ್ದರಿಂದ ಲಯದ ವಿಷಯಕ್ಕಷ್ಟೇ ಸೀಮಿತವಾಗಿ ಬರೆಯುತ್ತೇನೆ. ಮೇಡಂ ಅವರು ಎಣಿಕೆಯನ್ನು ಬೇಗ ಬಿಡಲು ಹೇಳಿದ್ದಾರೆ. ಈ ಒಂದು ಮಾತನ್ನು ನಾನು ಗೌರವದಿಂದಲೇ ಒಪ್ಪುವುದಿಲ್ಲ. ನಮ್ಮಲ್ಲಿ ಲಯಕಾರಿ, ಅಂದರೆ ಮಾತ್ರೆಯನ್ನು ಬೇರೆ ಬೇರೆ ಪಾಲು ಮಾಡಿ ನುಡಿಸುವುದು, ಮೊದಲು ಬಾಯಿಗೆ ಬರುತ್ತದೆ, ಆಮೇಲೆ ಕೈಗೆ ಬರುತ್ತದೆ. ತಂಗಿಯವರೇ, ನೀವು ಪಿಯಾನೋದಿಂದ ಎದ್ದು ಬಂದು, ತೊಡೆಯ ಮೇಲೆ ಎಡಗೈಯಿಂದ ‘ತಕಿಟ’ದ ಮೂರು ಪೆಟ್ಟುಗಳನ್ನು ಹಾಕುತ್ತ, ಅದೇ ಮಾತ್ರೆಯಲ್ಲಿ ಬಾಯಿಂದ ‘ತಕದಿಮಿ’ ಎಂದು ನಾಲ್ಕನ್ನು ಹೇಳಿ ನೋಡಿರಿ. ಆಮೇಲೆ ಅದಲುಬದಲು ಮಾಡಿ, ಬಾಯಲ್ಲಿ ಮೂರು, ಕೈಯಲ್ಲಿ ನಾಲ್ಕು ಇರಲಿ. ಎರಡೂ ಸಲ ಸಮಕ್ಕೆ, ಅಂದರೆ ಮೊದಲ ಪೆಟ್ಟಿಗೆ, ತಪ್ಪದೆ ಬಂದು ಸೇರುವಿರಾದರೆ ಎಣಿಕೆ ನಿಮ್ಮ ಒಳಗೆ ಇಳಿದಿದೆ ಎಂದು ತಿಳಿಯಬಹುದು, ಆಗ ಅದನ್ನು ಬಿಡುವ ಪ್ರಶ್ನೆಯೇ ಏಳುವುದಿಲ್ಲ.

ತಬಲಾ ಸೋಲೋ ನಡೆಯುವಾಗ ಹಾರ್ಮೋನಿಯಂನಲ್ಲಿ ಲೆಹರಾ (ಮರಳಿ ಮರಳಿ ಬರುವ ಒಂದೇ ಧಾಟಿ) ನುಡಿಸುವವರನ್ನು ನಿಮ್ಮ ತಂದೆಯವರು ಬಲ್ಲರು. ತಬಲಾದಲ್ಲಿ ಏನೇ ಏರುಪೇರಾದರೂ ಲೆಹರಾ ಅಲುಗುವುದಿಲ್ಲ. ನಿಮ್ಮ ಎಡಗೈ ಆ ಲೆಹರಾ ಆಗಬೇಕು.

ಉತ್ತರ: ಸಂಗೀತಾಸಕ್ತ, ಬಾಗಲಕೋಟೆ

ನಾನು ಕೇಳುಗ ಮಾತ್ರ, ಆದರೆ ಈ ಕೃತಿಯನ್ನು ಹಲವು ವರ್ಷಗಳಿಂದ ಪ್ರೀತಿಯಿಂದ ಕೇಳಿಕೊಂಡು ಬಂದಿದ್ದೇನೆ. ನಡುಭಾಗದ ಬಗ್ಗೆ ಒಂದು ಮಾತು. ಅದು ಡಿ ಫ್ಲ್ಯಾಟ್ ಮೇಜರ್‌ನಲ್ಲಿದೆ. ಬರವಣಿಗೆಯಲ್ಲಿ ಹೆಸರು ಬೇರೆಯಾದರೂ ಡಿ ಫ್ಲ್ಯಾಟ್ ಮತ್ತು ಸಿ ಶಾರ್ಪ್ ಪಿಯಾನೋದಲ್ಲಿ ಒಂದೇ ಕೀ, ಹಾರ್ಮೋನಿಯಂನವರು ಕರಿ ಒಂದು ಎನ್ನುವುದು. ಅಂದರೆ ಷಡ್ಜ ಕದಲಿಲ್ಲ, ಕೋಮಲ ಗಾಂಧಾರವಿದ್ದಲ್ಲಿ ಶುದ್ಧ ಗಾಂಧಾರ ಬಂದಿದೆ. ಎಡಗೈಯ ಮೂರರ ನಡೆಯೂ ಹಾಗೆಯೇ ಮುಂದುವರಿದಿದೆ. ನಿಮ್ಮ ಮುದ್ರಣದಲ್ಲಿ ಈ ಭಾಗ ಬೇರೊಂದು ಕೃತಿಯಂತೆ ಕೇಳಿಸುವುದಕ್ಕೆ ಕಾರಣ, ನೀವು ಅಲ್ಲಿ ಲಯವನ್ನು ಪೂರ್ತಿ ಸಡಿಲಬಿಟ್ಟು ಪ್ರತಿ ಸಾಲಿನ ಕೊನೆಯಲ್ಲಿ ನಿಲ್ಲುತ್ತಿರುವುದು. ಶೋಪಾನ್ ತಮ್ಮ ಶಿಷ್ಯರಿಗೆ ಒಳ್ಳೆಯ ಗಾಯಕರನ್ನು ಕೇಳಿ ಕಲಿಯಲು ಹೇಳುತ್ತಿದ್ದರು. ನೀವೂ ಆ ಸಾಲುಗಳನ್ನು ಬಾಯಲ್ಲಿ ಹಾಡಿ, ಉಸಿರು ಎಲ್ಲಿ ಬೇಕೆನಿಸುತ್ತದೆಯೋ ಅಲ್ಲಿ ಗುರುತು ಹಾಕಿಕೊಳ್ಳಿರಿ. ಅದೇ ಸಾಲು ಮರಳಿ ಬಂದಾಗ ಒಂದು ಸಲ ಮೇಲಿನ ಸ್ವರಕ್ಕೆ ಒಲವು ತೋರಿಸಿ, ಇನ್ನೊಂದು ಸಲ ಎಡಗೈಯ ಮಂದ್ರ ಸ್ವರವನ್ನು ತುಸು ಮುಂದೆ ತನ್ನಿರಿ.

ಸ್ವರಲಿಪಿಯ ಯಾವ ಅಚ್ಚುಪ್ರತಿಯನ್ನು ನೋಡಿ ಕಲಿಯುತ್ತಿದ್ದೀರಿ ಎಂಬುದನ್ನೂ ತಿಳಿಸಿರಿ. ಶೋಪಾನ್ 1849ರಲ್ಲಿ ತೀರಿಕೊಂಡ ಬಳಿಕ, 1855ರಲ್ಲಿ ಅವರ ಸ್ನೇಹಿತ ಜೂಲಿಯನ್ ಫೊಂಟಾನಾ ಇದನ್ನು ಪ್ರಕಟಿಸಿದರು. ಹೆಚ್ಚಿನವರು ನುಡಿಸುವುದು ಆ ಪ್ರಕಟಿತ ಪಾಠವನ್ನೇ. 1960ರಲ್ಲಿ ಪಿಯಾನೋ ವಾದಕ ಆರ್ಥರ್ ರೂಬಿನ್‌ಸ್ಟೈನ್ ಅವರಿಗೆ ಶೋಪಾನ್ ಅವರದೇ ಕೈಬರಹದ, 1835ರ ಪ್ರತಿಯೊಂದು ಸಿಕ್ಕಿತು, ಮತ್ತು ಅದರಲ್ಲಿ ಹಲವು ಕಡೆ ಭಿನ್ನ ವಿವರಗಳಿವೆ. ಬಾಯಿಪಾಠವಾಗುವ ಮುನ್ನ ಯಾವುದನ್ನು ಅನುಸರಿಸುವುದೆಂದು ತೀರ್ಮಾನಿಸಿಕೊಳ್ಳುವುದು ಒಳಿತು.

ಮರುಪ್ರಶ್ನೆ: ಟಿಳಕವಾಡಿಯ ವಿದ್ಯಾರ್ಥಿನಿ

ಮೂವರಿಗೂ ಹೃತ್ಪೂರ್ವಕ ವಂದನೆಗಳು. ನನ್ನ ಬಳಿ ಇರುವುದು ಫೊಂಟಾನಾ ಅವರ ಪಾಠವೇ. ವಿಜಯಪುರದ ಸರ್ ಹೇಳಿದ ಅಭ್ಯಾಸವನ್ನು ತಂದೆಯವರೊಡನೆ ಕುಳಿತು ಮಾಡಿದೆ. ಬಾಯಲ್ಲಿ ನಾಲ್ಕು ಬರುತ್ತದೆ, ಬಾಯಲ್ಲಿ ಮೂರು ಇನ್ನೂ ಜಾರುತ್ತದೆ. ಮೇಡಂ, ಸ್ವರವನ್ನು ಎಳೆದು ಉಳಿಸಲು ಕಾಲಿನಿಂದ ಒತ್ತುವ ಪೆಡಲ್ ಬಗ್ಗೆ ಕೇಳಬೇಕಿತ್ತು. ಮನೆಯಲ್ಲಿ ಹೆಡ್‌ಫೋನ್ ಹಾಕಿಕೊಂಡಾಗ ಎಲ್ಲವೂ ಸ್ವಚ್ಛವಾಗಿ ಕೇಳಿಸಿದ ಭಾಗಗಳೇ ಮರದ ಪಿಯಾನೋದಲ್ಲಿ ಕಲಸಿಹೋಗುತ್ತವೆ. ಕೊನೆಯ ಪುಟದಲ್ಲಂತೂ ಎಡಗೈಯ ಹಾಡು ಕೇಳಿಸುವುದೇ ಇಲ್ಲ.

ಉತ್ತರ: ಪಿಯಾನೋ ಶಿಕ್ಷಕಿ, ಕ್ಯಾಂಪ್, ಬೆಳಗಾವಿ

ವಿಜಯಪುರದವರ ಮಾತನ್ನು ನಾನು ಒಪ್ಪುತ್ತೇನೆ. ಬಾಯಲ್ಲಿ ಮೂರು ಜಾರುತ್ತಿದೆ ಎಂದರೆ ಎಡಗೈ ಕುಂಟುವುದಕ್ಕೂ ಅದೇ ಕಾರಣವಿರಬೇಕು, ಆ ಅಭ್ಯಾಸವನ್ನು ಬಿಡಬೇಡ.

ಮರದ ಪಿಯಾನೋದಲ್ಲಿ ಪೆಡಲ್ ಒತ್ತಿದಾಗ ಎಲ್ಲ ತಂತಿಗಳೂ ಬಿಡುಗಡೆಯಾಗಿ ಒಂದಕ್ಕೊಂದು ದನಿಗೂಡಿಸುತ್ತವೆ, ಕೋಣೆಯೂ ಅದಕ್ಕೆ ಸೇರುತ್ತದೆ. ಹೆಡ್‌ಫೋನ್‌ನಲ್ಲಿ ಕೋಣೆಯೇ ಇರುವುದಿಲ್ಲ. ಆದ್ದರಿಂದ ಮನೆಯಲ್ಲಿ ಮೊದಲ ಭಾಗವನ್ನು ಪೆಡಲ್ ಇಲ್ಲದೆಯೇ ಅಭ್ಯಾಸ ಮಾಡು. ಪಾಠದ ದಿನ ಸ್ವರಮೇಳ (ಒಟ್ಟಿಗೆ ಕೂಡಿ ನುಡಿಯುವ ಸ್ವರಗಳ ಗುಂಪು) ಬದಲಾದಾಗಲೆಲ್ಲ ಪೆಡಲ್ ಬದಲಿಸು. ಮೇಲಿನಿಂದ ಕೆಳಕ್ಕೆ ಕರಿ, ಬಿಳಿ ಎರಡೂ ಕೀಗಳನ್ನು ಒಂದನ್ನೂ ಬಿಡದೆ ಮುಟ್ಟುತ್ತ ಜಾರುವ ಓಟ ಬಂದಾಗ ಕಾಲನ್ನು ಬಹುತೇಕ ಎತ್ತಿಬಿಡು. ನಮ್ಮೂರಿನ ಮಳೆಗಾಲದ ತೇವಕ್ಕೆ ಮರ ಉಬ್ಬಿ ಕೀಗಳು ಬಿಗಿಯಾಗುವುದೂ ಉಂಟು. ಆ ದಿನಗಳಲ್ಲಿ ಬೆರಳಿನಿಂದ ಬಲ ಹಾಕುವ ಬದಲು ತೋಳಿನ ಭಾರ ಬಿಡುವುದನ್ನು ರೂಢಿಸಿಕೊ.

ಕೊನೆಯ ಪುಟದಲ್ಲಿ ನಡುಭಾಗದ ಹಾಡನ್ನು ಎಡಗೈ ಕೆಳಗಿನ ಸ್ವರಗಳಲ್ಲಿ ಮರಳಿ ಹಾಡುತ್ತದೆ. ಅಲ್ಲಿ ಎಡಗೈಯನ್ನು ಜೋರು ಮಾಡಲು ಹೋಗಬೇಡ, ಬಲಗೈಯನ್ನು ಇನ್ನಷ್ಟು ಮೆತ್ತಗೆ ಮಾಡು. ಕೀಯಿಂದ ಬೆರಳನ್ನು ಎತ್ತದೆ ಬರಿದೇ ಮೇಲ್ಮೈಯಲ್ಲಿ ಸವರಿದಂತೆ ನುಡಿಸಿದರೆ ಸಾಕು. ಮುಂದಿನ ಮುದ್ರಣ ಕಳಿಸುವಾಗ ಮೊದಲ ಭಾಗದ ಎಡಗೈಯೊಂದನ್ನೇ, ನಿಮಿಷಕ್ಕೆ 120 ಮಾತ್ರೆಯ ವೇಗದಲ್ಲಿ, ಪೆಡಲ್ ಇಲ್ಲದೆ ನುಡಿಸಿ ಕಳಿಸು. ಅದನ್ನು ಕೇಳಿದ ಮೇಲೆ ವೇಗದ ಪ್ರಶ್ನೆಗೆ ಉತ್ತರ ಬರೆಯುತ್ತೇನೆ.