ಪದಚರ್ಚೆ: ‘ಆಪರ್ಚುನಿಟಿ ಕಾಸ್ಟ್’ಗೆ ಕನ್ನಡ ಪದ, ನಾಳೆ ಬೆಳಿಗ್ಗೆಗೇ ಬೇಕು

ಮೇಡಂ, ನಮಸ್ಕಾರ.

ಕಾಲೇಜಿನ ಗೋಡೆಯ ಮೇಲೆ ಬರೆಸಲು ‘ಆಪರ್ಚುನಿಟಿ ಕಾಸ್ಟ್’ ಅನ್ನುವ ಅರ್ಥಶಾಸ್ತ್ರದ ಪದಕ್ಕೆ ಕನ್ನಡ ಕೇಳಿದ್ದೀರಿ, ಪೇಂಟರ್ ಕಾಯುತ್ತಿದ್ದಾರೆ ಅಂತಲೂ ಬರೆದಿದ್ದೀರಿ. ಹಾಗಾಗಿ ಮೊದಲು ಉತ್ತರ. ಕಾಲೇಜಿನ ಗೋಡೆಗೆ ‘ಅವಕಾಶ ವೆಚ್ಚ’ ಅಂತಲೇ ಬರೆಸಿ. ಪಾಠಗಳಲ್ಲಿ ಬಳಕೆಯಲ್ಲಿರುವ ಪದ ಅದು. ಅದರ ಕೆಳಗೆ ‘ಬಿಟ್ಟ ಗಳಿಕೆ’ ಅಂತ ಇನ್ನೊಂದು ಸಾಲು ಬರಲಿ. ಈ ಎರಡನೇ ಸಾಲು ಬೇಕೇ ಬೇಕು.

ಯಾಕೆ ಅಂದರೆ, ‘ಅವಕಾಶ ವೆಚ್ಚ’ ಅಂದ ಕೂಡಲೇ ಅವಕಾಶ ಗಿಟ್ಟಿಸಲು ಮಾಡಿದ ಖರ್ಚು ಅನಿಸುತ್ತದೆ, ಸೀಟಿಗೆ ಕಟ್ಟಿದ ಫೀಸಿನ ಹಾಗೆ. ಆದರೆ ಇಲ್ಲಿ ಜೇಬಿನಿಂದ ಒಂದು ರೂಪಾಯಿಯೂ ಹೋಗಿರಬೇಕಿಲ್ಲ. ಒಂದನ್ನು ಆರಿಸಿಕೊಂಡಾಗ, ಬಿಟ್ಟದ್ದರಲ್ಲಿ ಎಲ್ಲಕ್ಕಿಂತ ಒಳ್ಳೆಯದು ಏನು ಕೊಡುತ್ತಿತ್ತೋ ಅದೇ ಈ ವೆಚ್ಚ.

ಗಂಗಾವತಿ ಕಡೆಯ ಕಾಲುವೆ ಗದ್ದೆಯನ್ನೇ ತಗೊಳ್ಳಿ. ಲೆಕ್ಕಕ್ಕೆ ಹೀಗಿಟ್ಟುಕೊಳ್ಳೋಣ. ರೈತ ತಾನೇ ಭತ್ತ ಹಚ್ಚಿದರೆ ಬೀಜ, ಗೊಬ್ಬರ, ಕೂಲಿ ಕಳೆದು ಎಕರೆಗೆ 40,000 ಉಳಿಯುತ್ತದೆ. ಲೀಜಿಗೆ ಕೊಟ್ಟಿದ್ದರೆ 30,000 ಬರುತ್ತಿತ್ತು. ಜೋಳ ಹಾಕಿದ್ದರೆ 15,000. ಆಗ ಅವಕಾಶ ವೆಚ್ಚ 30,000. 45,000 ಅಲ್ಲ. ಅದೇ ಎಕರೆಯನ್ನು ಲೀಜಿಗೂ ಕೊಟ್ಟು ಜೋಳವನ್ನೂ ಬೆಳೆಯಲು ಆಗುತ್ತಿರಲಿಲ್ಲ, ಅಲ್ವಾ? ಮಕ್ಕಳು ಎಡವುವುದು ಇಲ್ಲೇ, ಸುಮ್ನೆ ಎಲ್ಲವನ್ನೂ ಕೂಡಿಸಿಬಿಡುತ್ತಾರೆ. ಭತ್ತದಿಂದ ಜಾಸ್ತಿ ಸಿಕ್ಕಿದ್ದು 10,000 ಮಾತ್ರ. ಲೀಜಿಗೆ ಕೊಟ್ಟು ಮನೆಮಂದಿ ಹೊರಗೆ ಕೂಲಿಗೆ ಹೋಗಬಹುದಿತ್ತು ಅಂದರೆ ಆ ಕೂಲಿ 30,000ಕ್ಕೆ ಸೇರುತ್ತದೆ, ಯಾಕೆಂದರೆ ಅವೆರಡೂ ಒಟ್ಟಿಗೆ ಆಗುವಂಥವು.

ನಿನ್ನೆ ಒಬ್ಬರು ‘ತಪ್ಪಿದ ಲಾಭ’ ಅಂದರು. ಆಗದು. ಮಳೆ ಬಂದು ರಾಶಿ ತೊಯ್ದರೂ ಲಾಭ ತಪ್ಪುತ್ತದೆ. ಅದರಲ್ಲಿ ನಮ್ಮ ಆಯ್ಕೆ ಏನೂ ಇಲ್ಲ. ಇಲ್ಲಿರುವುದು ನಾವೇ ಕೈಯಾರೆ ಬಿಟ್ಟದ್ದು. ‘ಪರಿತ್ಯಕ್ತ ಪರ್ಯಾಯ ಮೌಲ್ಯ’ (ಬಿಟ್ಟ ಬದಲಿ ಆಯ್ಕೆಯ ಬೆಲೆ) ಅನ್ನುವ ಬಾಯಿಗೆ ಒಗ್ಗದ ಪದದ ಬಗ್ಗೆ ಚರ್ಚೆಯೇ ಬೇಡ.

ಇನ್ನು ಸಂಸ್ಕೃತ ಬೇಡ, ಉರ್ದು ಬೇಡ, ಅಚ್ಚಗನ್ನಡವೇ ಇರಲಿ ಅನ್ನುವವರಿಗೆ ಒಂದು ಮಾತು. ಬಡ್ಡಿ ಬಂದದ್ದು ‘ವೃದ್ಧಿ’ಯಿಂದ. ಅಸಲು, ಬಾಕಿ, ಜಮಾ ಅರಬ್ಬಿ ಮೂಲದವು. ಠೇವಣಿ ಮರಾಠಿಯದು. ನಮ್ಮ ರಾಯಚೂರು, ಕೊಪ್ಪಳ 1956ರವರೆಗೆ ಉರ್ದು ಬಳಕೆಯಿದ್ದ ಹೈದರಾಬಾದ್ ರಾಜ್ಯದಲ್ಲಿದ್ದವು. ನಮ್ಮ ಹಿರಿಯರು ಸಾಲದ ಪತ್ರ ಬರೆದದ್ದು, ತೀರಿಸಿದ್ದು ಎಲ್ಲ ಇಂಥ ಪದಗಳಲ್ಲೇ. ಇವನ್ನು ಹೊರಗಿನವು ಅಂತ ತಳ್ಳುವುದನ್ನು ನಾನು ಒಪ್ಪುವುದಿಲ್ಲ. ‘ಬಿಟ್ಟ ಗಳಿಕೆ’ಯನ್ನು ನಾನು ಹಿಡಿದಿರುವುದು ಅರ್ಥ ಅದರೊಳಗೇ ಇದೆ ಅನ್ನುವ ಒಂದೇ ಕಾರಣಕ್ಕೆ. ಬೇರುಗಳ ಜಗಳ ಬೇರೆ ಕಡೆ ಆಡಿಕೊಳ್ಳಿ, ಮೇಡಂಗೆ ನಾಳೆ ಗೋಡೆಗೆ ಪದ ಬೇಕು.

‘ಸಂಕ್ ಕಾಸ್ಟ್’ಗೂ, ಅಂದರೆ ಒಮ್ಮೆ ಖರ್ಚಾದ ಮೇಲೆ ವಾಪಸ್ ಪಡೆಯಲಾಗದ ದುಡ್ಡಿಗೂ, ಪದ ಕೇಳಿದ್ದಿರಿ. ‘ಮುಳುಗಿದ ಖರ್ಚು’ ಸಾಕು. ದುಡ್ಡು ಮುಳುಗಿತು ಅಂತ ಎಲ್ಲರೂ ಅನ್ನುತ್ತಾರೆ. ಬೋರ್ ಹಾಕಿಸಿ ನೀರು ಬೀಳಲಿಲ್ಲ ಅಂದರೆ ಆ ದುಡ್ಡು ಏನು ಮಾಡಿದರೂ ವಾಪಸ್ ಬರದು. ಇನ್ನೊಂದು ಹಾಕಿಸಬೇಕೋ ಬೇಡವೋ ಅನ್ನುವ ಲೆಕ್ಕಕ್ಕೆ ಅದನ್ನು ಎಳೆದು ತರಬಾರದು. ಆದರೆ ಇದನ್ನು ‘ನಷ್ಟ’ ಅಂತ ಮಾತ್ರ ಬರೆಸಬೇಡಿ. ನೀರು ಬಿದ್ದ ಬೋರನ್ನು ಕೊರೆಸಿದ ದುಡ್ಡೂ ಮುಳುಗಿದ ಖರ್ಚೇ.